ದುಡ್ಡು ಕೊಟ್ಟು ತಾಂಜಾನಿಯಾ ಹಳ್ಳಿ ಶಾಲೇಲಿ 12 ವಾರ ವಾಲಂಟಿಯರ್ ಟೀಚಿಂಗ್, ನನ್ನ ರಿವ್ಯೂ

ಮೊದಲೇ ಹೇಳ್ಬಿಡ್ತೀನಿ, ನಾನು ಪಾಠ ಮಾಡಿದ ಶಾಲೆಗೆ 5ಕ್ಕೆ 5, ನನ್ನನ್ನ ಅಲ್ಲಿಗೆ ಕಳಿಸಿದ ಸಂಸ್ಥೆಗೆ 5ಕ್ಕೆ 2. ಎರಡೂ ಸೇರಿಸಿ ಮಧ್ಯದ್ದೊಂದು ನಂಬರ್ ಹಾಕೋಕೆ ನನಗೆ ಮನಸ್ಸಿಲ್ಲ, ಯಾಕಂದ್ರೆ ಅಲ್ಲಿ ಏನೇನು ಚೆನ್ನಾಗಿ ಆಯ್ತೋ ಅದೆಲ್ಲ ಆ ಊರಿನ ಟೀಚರುಗಳಿಂದ ಆಗಿದ್ದು, ಏನೇನು ಕೆಡ್ತೋ ಅದರಲ್ಲಿ ಮುಕ್ಕಾಲು ಭಾಗ ಸಂಸ್ಥೆಯಿಂದ. ಸಂಸ್ಥೆ ಹೆಸರು ಬರೆಯಲ್ಲ. ಈ ಥರದ್ದು ಒಂದೇ ಒಂದಿಲ್ಲ, ಹೆಚ್ಚುಕಮ್ಮಿ ಇದೇ ಪ್ಯಾಕೇಜ್ ಇಟ್ಕೊಂಡು ಬೇಕಾದಷ್ಟು ಜನ ಕೂತಿದಾರೆ, ಹಾಗಾಗಿ ಹೆಸರಿಗಿಂತ ಒಳಗೆ ಏನಿರುತ್ತೆ ಅನ್ನೋದು ಗೊತ್ತಾದ್ರೆ ನಿಮಗೆ ಉಪಯೋಗ.

ನಾನು 6 ವರ್ಷದಿಂದ ಹೈಸ್ಕೂಲಲ್ಲಿ ಇಂಗ್ಲಿಷ್ ಪಾಠ ಮಾಡ್ತಾ ಇದೀನಿ. 2023ರ ಜುಲೈ ಶುರುವಿಂದ ಸೆಪ್ಟೆಂಬರ್ ಕೊನೆವರೆಗೂ ರಜೆ ಹಾಕಿ ಹೋಗಿದ್ದೆ. ಜಾಗ ತಾಂಜಾನಿಯಾದ ಈಶಾನ್ಯದಲ್ಲಿರೋ ಉಸಾಂಬರಾ ಬೆಟ್ಟಗಳು, ಲುಶೋಟೋ ಪೇಟೆಯಿಂದ ಇನ್ನೂ ಮೇಲೆ ಒಂದು ಹಳ್ಳಿ. ದಾರ್ ಎಸ್ ಸಲಾಮಲ್ಲಿ ಎಂಬೇಜಿಯ ಮಗುಫುಲಿ ಬಸ್ ಸ್ಟ್ಯಾಂಡಿಂದ ಬೆಳಗ್ಗೆ ಹತ್ತಿದ್ರೆ ಸಂಜೆ ಹೊತ್ತಿಗೆ ಲುಶೋಟೋ. ಕೆಳಗೆ ಮೊಂಬೋ ಅಂತ ಸಿಗುತ್ತೆ, ಅಲ್ಲಿವರೆಗೂ ಸೆಕೆ, ಅಲ್ಲಿಂದ ಘಾಟಿ ಶುರು, ಸುಮಾರು 30 ಕಿ.ಮೀ. ಬರೀ ತಿರುವು, ಮೇಲೆ ಹತ್ತುತ್ತಾ ಹತ್ತುತ್ತಾ ಗಾಳಿ ತಣ್ಣಗಾಗುತ್ತೆ, ಕೆಂಪು ಮಣ್ಣು, ಮೆಟ್ಟಿಲು ಮೆಟ್ಟಿಲಾಗಿ ಹೊಲ, ಎಲೆಕೋಸು, ಆಲೂಗಡ್ಡೆ, ಬಾಳೆ, ಮೆಕ್ಕೆಜೋಳ. ಇಲ್ಲಿ ಬೆಳೆದ ತರಕಾರಿ ಲಾರಿ ಲಾರಿ ದಾರ್‌ನ ಮಾರ್ಕೆಟ್ಟಿಗೆ ಇಳಿಯುತ್ತೆ. ಮನೇಲಿ ಕುಂಡದಲ್ಲಿ ಆಫ್ರಿಕನ್ ವಯೊಲೆಟ್ ಬೆಳೆಸ್ತಾರಲ್ಲ, ಆ ಗಿಡದ ತವರೂ ಇದೇ ಬೆಟ್ಟಗಳು. ಜುಲೈ ಆಗಸ್ಟಲ್ಲಿ ರಾತ್ರಿ ಚೆನ್ನಾಗೇ ಚಳಿ, ಆಫ್ರಿಕಾ ಅಂದ್ರೆ ಬಿಸಿಲು ಅಂದ್ಕೊಂಡು ಬರೀ ಹತ್ತಿ ಬಟ್ಟೆ ಒಯ್ಯಬೇಡಿ, ಸಂಸ್ಥೆ ಕೊಟ್ಟ ಪಟ್ಟೀಲಿ ಸ್ವೆಟರ್ ಇರಲೇ ಇಲ್ಲ.

ಸರಿ ದುಡ್ಡಿನ ವಿಷಯ. 12 ವಾರಕ್ಕೆ ನಾನು ಕಟ್ಟಿದ್ದು 2,100 ಡಾಲರ್, ವಿಮಾನ ವೀಸಾ ಬಿಟ್ಟು. ಏರ್‌ಪೋರ್ಟಿಂದ ಕರ್ಕೊಂಡು ಹೋಗೋದು, ಒಂದು ಮನೇಲಿ ಊಟ ವಸತಿ, 3 ದಿನದ ಸ್ವಾಹಿಲಿ ಕ್ಲಾಸು, ಶಾಲೆಗೆ ಪರಿಚಯ, ಏನಾದ್ರೂ ಆದ್ರೆ ಕರೆಯೋಕೆ ಒಬ್ಬ ಕೋಆರ್ಡಿನೇಟರ್, ಇಷ್ಟು ಒಪ್ಪಂದ. ಶಾಲೆಗೂ ಇದರಲ್ಲಿ ಪಾಲು ಹೋಗುತ್ತೆ ಅಂತ ಹೇಳಿದ್ರು. ಅಲ್ಲಿ ಹೋದ ಮೇಲೆ, ಎರಡು ತಿಂಗಳು ಒಟ್ಟಿಗೆ ಅಡಿಗೆಮನೇಲಿ ಕೂತು ಸಲಿಗೆ ಬೆಳೆದ ಮೇಲೆ ನಾನು ಉಳ್ಕೊಂಡಿದ್ದ ಮನೆಯ ಮಾಮಾ, ಸ್ವಾಹಿಲೀಲಿ ಮಾಮಾ ಅಂದ್ರೆ ಅಮ್ಮ, ಹೇಳಿದ್ರು, ಅವರಿಗೆ ದಿನಕ್ಕೆ 15,000 ಶಿಲ್ಲಿಂಗ್ ಬರುತ್ತಂತೆ. ಆಗ ಡಾಲರಿಗೆ 2,500 ಶಿಲ್ಲಿಂಗ್ ಆಸುಪಾಸು ಇತ್ತು, ಲೆಕ್ಕ ಹಾಕಿದ್ರೆ 84 ದಿನಕ್ಕೆ ಸುಮಾರು 500 ಡಾಲರ್. ಶಾಲೆಗೆ ಎಷ್ಟು ಬಂತು ಅಂತ ಮ್ವಾಲಿಮು ಮ್ಕೂನ, ಅಂದ್ರೆ ಹೆಡ್‌ಮಾಸ್ಟರನ್ನ ಕೇಳಿದೆ. ದುಡ್ಡು ಅಂತ ಏನೂ ಬಂದಿಲ್ಲ, ಒಂದು ಪೆಟ್ಟಿಗೆ ಫ್ಲ್ಯಾಶ್ ಕಾರ್ಡ್ ಬಂದಿದೆ ಅಂದ್ರು. ಕಪಾಟಿನಲ್ಲಿತ್ತು, ತೆಗೆದು ನೋಡಿದೆ, ಐ ಅಂದ್ರೆ ಇಗ್ಲೂ ಅಂತ ಹಿಮದ ಮನೆ ಚಿತ್ರ. ಆ ಮಕ್ಕಳು ಹಿಮ ನೋಡಿಲ್ಲ, ಆ ಪದಾನೂ ಅವರಿಗೆ ಬೇಡ. ಸಂಸ್ಥೆಗೆ ಆಫೀಸು, ಜನ, ಖರ್ಚು ಎಲ್ಲ ಇರುತ್ತೆ ಒಪ್ತೀನಿ, ಆದ್ರೆ ಶಾಲೆಗೆ ಪಾಲು ಅಂತ ಬಾಯಿ ಬಿಟ್ಟು ಹೇಳಿ ಕೊಡದೇ ಇರೋದು ನನಗೆ ಇವತ್ತಿಗೂ ಹೊಟ್ಟೆ ಉರಿಯೋ ವಿಷಯ.

ಇನ್ನೊಂದು ದೊಡ್ಡದು ವೀಸಾ. ಟೂರಿಸ್ಟ್ ವೀಸಾ 50 ಡಾಲರ್, 90 ದಿನದವರೆಗೆ ಇರಬಹುದು, ಅದರಲ್ಲೇ ಹೋಗಿ, ಯಾರೂ ಕೇಳಲ್ಲ ಅಂತ ಸಂಸ್ಥೆಯವರು ಮೇಲ್ ಮಾಡಿದ್ರು. ದಯವಿಟ್ಟು ಇದನ್ನ ಮಾತ್ರ ನಂಬಬೇಡಿ. ಆ ದೇಶದಲ್ಲಿ ಸಂಬಳ ಇಲ್ಲದ ಕೆಲಸಾನೂ ಕೆಲಸಾನೇ, ವಾಲಂಟಿಯರ್‌ಗೆ ಕ್ಲಾಸ್ ಸಿ ರೆಸಿಡೆನ್ಸ್ ಪರ್ಮಿಟ್ ಅಂತಾನೇ ಬೇರೆ ಇದೆ, ಟೂರಿಸ್ಟ್ ವೀಸಾ ಇಟ್ಕೊಂಡು ಕ್ಲಾಸಲ್ಲಿ ಸಿಕ್ಕಿಬಿದ್ರೆ ತೊಂದರೆ ನಿಮಗೊಬ್ಬರಿಗೇ ಅಲ್ಲ, ಒಳಗೆ ಬಿಟ್ಕೊಂಡ ಹೆಡ್‌ಮಾಸ್ಟರಿಗೂ. ನಾನು ಪಟ್ಟು ಹಿಡಿದು ಪರ್ಮಿಟ್ ಮಾಡಿಸ್ಕೊಂಡೆ, ಆ ಓಡಾಟ ಪತ್ರ ಎಲ್ಲ ಸೇರಿ 6 ವಾರ ಹಿಡೀತು. ಅದಕ್ಕೋಸ್ಕರ ನಾನಾಗೇ ಪೊಲೀಸ್ ಕ್ಲಿಯರೆನ್ಸ್ ಸರ್ಟಿಫಿಕೇಟ್ ತಗೊಂಡೆ, ಸಂಸ್ಥೆ ಒಂದು ಸಲಾನೂ ಅದನ್ನ ಕೇಳಲಿಲ್ಲ. ಯೋಚನೆ ಮಾಡಿ, ಎಲ್ಲಿಂದಲೋ ಬಂದ ಗುರುತಿಲ್ಲದ ಮನುಷ್ಯನನ್ನ ಚಿಕ್ಕ ಮಕ್ಕಳಿರೋ ಜಾಗಕ್ಕೆ ಹಿಂದೆ ಮುಂದೆ ವಿಚಾರಿಸದೆ ಬಿಡ್ತಾರೆ, ನಮ್ಮ ಮನೆ ಮಕ್ಕಳ ಶಾಲೇಲಿ ಹಿಂಗೆ ಮಾಡಿದ್ರೆ ನಾವು ಸುಮ್ನೆ ಇರ್ತೀವಾ.

ಈಗ ಶಾಲೆ. ಸರ್ಕಾರಿ ಪ್ರೈಮರಿ, ದರಸ ಲಾ ಕ್ವಾಂಜಾ, ಅಂದ್ರೆ ಒಂದನೇ ಕ್ಲಾಸು, ಅಲ್ಲಿಂದ ಏಳನೇ ಕ್ಲಾಸ್ವರೆಗೆ. 2016ರಿಂದ ಸರ್ಕಾರಿ ಶಾಲೆಗಳಲ್ಲಿ ಫೀಸು ತೆಗೆದುಹಾಕಿದಾರೆ, ಅದಾದ ಮೇಲೆ ಮಕ್ಕಳು ತುಂಬಿ ತುಳುಕ್ತಾ ಇದಾರೆ, ಅದು ಒಳ್ಳೇದೇ, ಆದ್ರೆ ಕೋಣೆ ಟೀಚರು ಅದೇ ಲೆಕ್ಕದಲ್ಲಿ ಏರಿಲ್ಲ. ನಾನಿದ್ದ ಮೂರನೇ ಕ್ಲಾಸಲ್ಲಿ ಹಾಜರಿ ಪುಸ್ತಕದಲ್ಲಿ 87 ಮಕ್ಕಳು, 22 ಡೆಸ್ಕು, ಒಂದೊಂದರಲ್ಲಿ ನಾಲ್ಕು ಜನ ಒತ್ಕೊಂಡು. ಬರೆಯೋವಾಗ ಇಬ್ಬರು ಬರೆದ್ರೆ ಇನ್ನಿಬ್ಬರು ಕೈ ಕಟ್ಕೊಂಡು ಕಾಯಬೇಕು, ಇಲ್ಲಾಂದ್ರೆ ಮೊಣಕೈ ತಾಗುತ್ತೆ. ಬೆಳಗ್ಗೆ ಮಕ್ಕಳು ಬರೋವಾಗ ಕೈಯಲ್ಲಿ ಪೊರಕೆ, ಕೆಲವರ ತಲೆ ಮೇಲೆ ಹಳದಿ ಕ್ಯಾನಲ್ಲಿ ನೀರು. ಮೊದಲು ಅಂಗಳ ಗುಡಿಸ್ತಾರೆ, ಆಮೇಲೆ ಸಾಲಾಗಿ ನಿಂತು ರಾಷ್ಟ್ರಗೀತೆ, ಉಗುರು ನೋಡೋದು, ಆಮೇಲೆ ಕ್ಲಾಸು. ಶಾಲೆ ಹಿಂದೆ ಶಾಲೇದೇ ಮೆಕ್ಕೆಜೋಳದ ಹೊಲ ಇದೆ. ಆ ದೇಶದ ಮೊದಲ ಅಧ್ಯಕ್ಷ ನ್ಯೆರೆರೆ 1967ರಲ್ಲಿ ಸ್ವಾವಲಂಬನೆಗೆ ಶಿಕ್ಷಣ ಅಂತ ತಂದ್ರಲ್ಲ, ಶಾಲೆ ಅಂದ್ರೆ ಹೊಲಾನೂ ಇರಬೇಕು ಅನ್ನೋ ವಿಚಾರ ಅಲ್ಲಿಂದ ಬಂದಿದ್ದು. ಅವರನ್ನ ಜನ ಇವತ್ತಿಗೂ ಕರೆಯೋದು ಮ್ವಾಲಿಮು ಅಂತಾನೇ, ಅಂದ್ರೆ ಮೇಷ್ಟ್ರು. ಅಂಥ ಊರಲ್ಲಿ ಮಕ್ಕಳು ನನ್ನನ್ನೂ ಮ್ವಾಲಿಮು ಅಂದಾಗ ಎದೆ ಭಾರ ಆಯ್ತು ನಿಜವಾಗ್ಲೂ, ಬಂದು ಒಂದು ದಿನ ಆಗಿರಲಿಲ್ಲ, ಏನೂ ಕಲಿಸಿರಲಿಲ್ಲ.

ಮೊದಲ ದಿನವೇ ಕೋಆರ್ಡಿನೇಟರ್ ನನ್ನನ್ನ ಮೂರನೇ ಕ್ಲಾಸಿಗೆ ಬಿಟ್ಟು, ಟೀಚರಿಗೆ ನೀವು ಸ್ಟಾಫ್ ರೂಮಲ್ಲಿ ರೆಸ್ಟ್ ತಗೊಳ್ಳಿ, ಇವರು ನೋಡ್ಕೋತಾರೆ ಅಂದ್ರು. ಆ ಟೀಚರಿಗೆ ಐವತ್ತು ದಾಟಿತ್ತು, ಅದೇ ಬೆಟ್ಟದಲ್ಲಿ ಹುಟ್ಟಿದವರು, ಅವರು ಎದ್ದು ಹೋಗೋವಾಗ ಮುಖದಲ್ಲಿ ಏನೂ ತೋರಿಸ್ಲಿಲ್ಲ. ನಾನು ಹಿಂದೇನೇ ಹೋಗಿ ಕೈ ಮುಗಿದು, ಹೋಗಬೇಡಿ, ನೀವು ಪಾಠ ಮಾಡಿ, ನಾನು ಹಿಂದಿನ ಡೆಸ್ಕಲ್ಲಿ ಕೂತ್ಕೋತೀನಿ ಅಂದೆ. ಈ ಒಂದು ಕೆಲಸ ಮಾಡಿದ್ದೇ ನನ್ನ 12 ವಾರ ಉಳಿಸ್ತು ಅಂತ ನನ್ನ ನಂಬಿಕೆ. ಒಂದು ವಾರ ಪೂರ್ತಿ ಹಿಂದೆ ಕೂತೆ. ಆಗ ಅವರು ತಮ್ಮ ಅಜಿಮಿಯೋ ಲಾ ಕಾಜಿ ತೋರಿಸಿದ್ರು, ವರ್ಷದ ಪಾಠದ ಯೋಜನೆ, ಯಾವ ವಾರ ಯಾವ ಪಾಠ ಅಂತ ಗೆರೆ ಹಾಕಿ ಬರೆದಿರೋ ಪುಸ್ತಕ. ದಿನದ ಪಾಠಕ್ಕೆ ಅಂದಾಲಿಯೋ ಲಾ ಸೋಮೋ ಅಂತ ಬೇರೆ. ಇನ್ಸ್‌ಪೆಕ್ಟರ್ ಬಂದಾಗ ಇವೆರಡನ್ನೂ ತೋರಿಸಬೇಕು. ನಮ್ಮಂಥೋರು ಬಂದು ಮನಸ್ಸಿಗೆ ಬಂದ ಆಟ ಆಡಿಸಿ ಹೋದ್ರೆ ಆ ಪುಸ್ತಕದಲ್ಲಿ ಅಷ್ಟು ವಾರ ಖಾಲಿ ಬೀಳುತ್ತೆ, ಅದನ್ನ ಆಮೇಲೆ ತುಂಬಿಸೋರು ಅವರೇ.

ಅವರು ಇನ್ನೊಂದು ವಿಷಯ ಹೇಳಿದ್ರು, ಅದೂ ದೂರಿನ ಥರ ಅಲ್ಲ, ಸುಮ್ನೆ ಹಾಜರಿ ಹಾಕ್ತಾ ಹಾಕ್ತಾ. ಆ ವರ್ಷ ನನಗಿಂತ ಮುಂಚೆ ಇದೇ ಕ್ಲಾಸಿಗೆ ಮೂರು ಜನ ಬಂದು ಹೋಗಿದ್ರಂತೆ, ಒಬ್ಬೊಬ್ಬರೂ ಎರಡೆರಡು ವಾರ. ಮೂವರೂ ಕಲಿಸಿದ್ದು ಬಣ್ಣಗಳು, ಮೈಯ ಭಾಗಗಳು. ಮಕ್ಕಳಿಗೆ ಬಣ್ಣದ ಹೆಸರು ಇಂಗ್ಲಿಷಲ್ಲಿ ನೀರು ಕುಡಿದ ಹಾಗೆ ಬರುತ್ತೆ, ಒಂದು ವಾಕ್ಯ ಓದೋಕೆ ಬರಲ್ಲ. ನಾನು ಮೊದಲ ಸಲ ಬೋರ್ಡ್ ಹತ್ರ ನಿಂತಾಗ ಮುಂದಿನ ಸಾಲಿನ ಒಬ್ಬ ಹುಡುಗ ತಾನಾಗೇ ಎದ್ದು ರೆಡ್, ಬ್ಲೂ, ಗ್ರೀನ್, ಯೆಲ್ಲೋ ಅಂತ ಒಂದೇ ಉಸಿರಿಗೆ ಹೇಳಿ ಕೂತ, ಹೊಸಬರು ಬಂದ್ರೆ ಇದನ್ನೇ ಕೇಳ್ತಾರೆ ಅಂತ ಅವನಿಗೆ ಅಭ್ಯಾಸ ಆಗ್ಬಿಟ್ಟಿತ್ತು. ಎರಡು ವಾರದ ಪ್ಯಾಕೇಜ್ ಮಾರೋರಿಗೆ ನನ್ನ ಕಡೆಯಿಂದ ಇದೊಂದೇ ಮಾತು, ದಯವಿಟ್ಟು ನಿಲ್ಲಿಸಿ, ಮಕ್ಕಳ ಟೈಮು ಅದು.

ಯಾಕೆ ಓದೋದು ಅಷ್ಟು ಮುಖ್ಯ ಅಂದ್ರೆ, ಅಲ್ಲಿ ಸರ್ಕಾರಿ ಪ್ರೈಮರೀಲಿ ಎಲ್ಲಾ ಪಾಠ ಸ್ವಾಹಿಲೀಲಿ. ನಾನಿದ್ದಾಗ ಇಂಗ್ಲಿಷ್ ಒಂದು ವಿಷಯವಾಗಿ ಶುರುವಾಗ್ತಿದ್ದಿದ್ದು ಮೂರನೇ ಕ್ಲಾಸಿಂದ. ಏಳನೇದರ ಪರೀಕ್ಷೆ ಪಾಸಾಗಿ ಸೆಕೆಂಡರಿಗೆ, ಫಾರ್ಮ್ ಒನ್ನಿಗೆ ಕಾಲಿಟ್ಟ ದಿನ ಗಣಿತ, ವಿಜ್ಞಾನ, ಭೂಗೋಳ ಎಲ್ಲಾ ದಿಢೀರ್ ಅಂತ ಇಂಗ್ಲಿಷಿಗೆ ತಿರುಗುತ್ತೆ. ಬುದ್ಧಿ ಇಲ್ಲದೆ ಅಲ್ಲ, ಭಾಷೆ ಕೈಕೊಟ್ಟು ಎಷ್ಟೋ ಮಕ್ಕಳು ಅಲ್ಲೇ ಮುಗ್ಗರಿಸ್ತಾರೆ. ಕನ್ನಡ ಮೀಡಿಯಮ್ಮಿಂದ ಪಿಯುಸಿ ಸೈನ್ಸಿಗೆ ಹೋದವರಿಗೆ ಈ ಸಂಕಟ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೇ ವಾರ ಒಂದು ಹುಡುಗಿಯನ್ನ ಓದೋಕೆ ಕರೆದೆ. ಬೋರ್ಡ್ ಮೇಲೆ ನೇಮ್ ಅಂತ ಇಂಗ್ಲಿಷ್ ಅಕ್ಷರದಲ್ಲಿ ಬರೆದಿತ್ತು, ಅವಳು ಬೆರಳಿಟ್ಟು ನಿಧಾನಕ್ಕೆ ನಾ-ಮೆ ಅಂದ್ಳು. ಫೈವ್‌ಗೆ ಫಿ-ವೆ, ಹೋಮ್‌ಗೆ ಹೋ-ಮೆ, ಟೇಬಲ್‌ಗೆ ತಾ-ಬ್ಲೆ. ತಪ್ಪು ಅಂತ ತಿದ್ದೋಕೆ ಬಾಯಿ ತೆಗೆದವಳು ನಿಲ್ಲಿಸ್ಬಿಟ್ಟೆ. ಅವಳು ಓದ್ತಾ ಇರೋದು ಪೂರ್ತಿ ಸರಿ ಇತ್ತು, ಸ್ವಾಹಿಲಿ ನಿಯಮದ ಪ್ರಕಾರ. ಒಂದು ಎರಡನೇ ಕ್ಲಾಸಲ್ಲಿ ಅವರಿಗೆ ಕೆಕೆಕೆ ಅಂತಾರೆ, ಕುಸೋಮ, ಕುಆಂದಿಕ, ಕುಹೆಸಾಬು, ಅಂದ್ರೆ ಓದು ಬರಹ ಲೆಕ್ಕ, ಅಲ್ಲಿ ಬಾ ಬೆ ಬಿ ಬೋ ಬು ಅಂತ ನಮ್ಮ ಕಾಗುಣಿತದ ಥರಾನೇ ಹೇಳಿಕೊಡೋದು, ಬರೆದಿದ್ದನ್ನ ಬರೆದ ಹಾಗೇ ಓದೋ ಭಾಷೆ. ಕೊನೇಲಿ ಇ ಇದ್ದು ಅದನ್ನ ಓದಬಾರದು ಅಂದ್ರೆ ಅವಳಿಗೆ ಅನ್ಯಾಯ ಅನ್ನಿಸೋದು ಸಹಜ. ನಾನೂ ಕನ್ನಡ ಓದಿ ಆಮೇಲೆ ಇಂಗ್ಲಿಷಿಗೆ ಹೋದವಳು, ಚಿಕ್ಕವಳಿದ್ದಾಗ ಇದೇ ಜಾಗದಲ್ಲಿ ನಾನೂ ಎಡವಿದ್ದೆ.

ಸಂಜೆ ಟೀಚರ್ ಹತ್ರ ಇದನ್ನ ಮಾತಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ನೆ ಇದ್ದು, ಮಾರನೇ ದಿನ ಒಂದು ಚೀಲ ವಿಜಿಬೋ ತಂದ್ರು, ಸೋಡಾ ಬಾಟಲಿ ಮುಚ್ಚಳ. ಒಂದನೇ ಕ್ಲಾಸಲ್ಲಿ ಲೆಕ್ಕ ಹೇಳಿಕೊಡೋಕೆ ಇಟ್ಟಿರ್ತಾರೆ, ಕಡ್ಡಿ ಇಲ್ಲಾಂದ್ರೆ ಮುಚ್ಚಳ. ಒಂದೊಂದು ಮುಚ್ಚಳದ ಒಳಗೆ ಒಂದೊಂದು ಅಕ್ಷರ ಬರೆದು ಕಾಗದ ಅಂಟಿಸಿದ್ವಿ, ಇಬ್ಬರೂ ಕೂತು ರಾತ್ರಿ ದೀಪ ಹಚ್ಕೊಂಡು, 200 ಮುಚ್ಚಳ. ಇ ಅಕ್ಷರದ ಮುಚ್ಚಳ ಮಾತ್ರ ಕೆಂಪು. ಮೂರು ಮುಚ್ಚಳ ಇಟ್ರೆ ಕ್ಯಾಪ್, ಪಕ್ಕದಲ್ಲಿ ಕೆಂಪು ಮುಚ್ಚಳ ಇಟ್ರೆ ಕೇಪ್. ಕಿಟ್ ಇದ್ದಿದ್ದು ಕೈಟ್, ನಾಟ್ ಇದ್ದಿದ್ದು ನೋಟ್. ಅದಕ್ಕೆ ಎ ಕಿಮ್ಯ ಅಂತ ಹೆಸರಿಟ್ಟಿದ್ದು ಅವರೇ, ಮೌನವಾಗಿರೋ ಇ. ತಾನು ಮಾತಾಡಲ್ಲ, ಆದ್ರೆ ಹಿಂದೆ ಇರೋ ಅಣ್ಣನಿಗೆ, ಅಂದ್ರೆ ಸ್ವರಕ್ಕೆ, ಅವನ ಹೆಸರು ಜೋರಾಗಿ ಹೇಳು ಅಂತ ಹೇಳುತ್ತೆ, ಹೀಗೆ ಸ್ವಾಹಿಲೀಲಿ ಕಥೆ ಮಾಡಿ ಹೇಳಿದ್ರು. ಮಕ್ಕಳು ಕೆಂಪು ಮುಚ್ಚಳ ಕಂಡ ತಕ್ಷಣ ತುಟಿ ಮೇಲೆ ಬೆರಳಿಡ್ತಿದ್ರು, 87 ಮಕ್ಕಳು ಒಟ್ಟಿಗೆ ತುಟಿ ಮೇಲೆ ಬೆರಳಿಟ್ಟು ಕೂತಿರೋದು, ಆಮೇಲೆ ಒಟ್ಟಿಗೆ ನೇಮ್ ಅನ್ನೋದು. ನನಗೆ ಇಂಗ್ಲಿಷ್ ಗೊತ್ತಿತ್ತು, ಆದ್ರೆ ಆ ಕಥೆ ನನ್ನ ಕೈಲಿ ಸಾಧ್ಯಾನೇ ಇರಲಿಲ್ಲ. 12 ವಾರದ ಕೊನೇಲಿ ಎಲ್ಲರೂ ಓದಿದ್ರು ಅಂತ ಸುಳ್ಳು ಹೇಳಲ್ಲ. ಸುಮಾರು ಅರ್ಧ ಕ್ಲಾಸು ನಾಲ್ಕೈದು ಪದದ ವಾಕ್ಯ ಓದ್ತಿತ್ತು, ಇನ್ನೊಂದು ಇಪ್ಪತ್ತು ಮಕ್ಕಳಿಗೆ ಸ್ವಾಹಿಲಿ ಓದೋದೇ ಇನ್ನೂ ಕಷ್ಟ ಇತ್ತು, ಅವರಿಗೆ ನನ್ನಿಂದ ಹೆಚ್ಚೇನೂ ಆಗಲಿಲ್ಲ, ಅದು ಮನಸ್ಸಲ್ಲಿ ಕೊರೀತಾನೇ ಇದೆ.

ಭಾಷೆ ಬಗ್ಗೆ ಕನ್ನಡದವರಿಗೆ ಒಂದು ಖುಷಿ ವಿಷಯ. ಸಂಸ್ಥೆಯ 3 ದಿನದ ಕ್ಲಾಸು ಸಾಲದು, ಆದ್ರೆ ಹೆದರಬೇಡಿ, ಸ್ವಾಹಿಲಿ ನಮ್ಮ ನಾಲಿಗೆಗೆ ಚೆನ್ನಾಗಿ ಹೊಂದುತ್ತೆ. ಪದಗಳು ನಮ್ಮ ಥರ ಸ್ವರದಲ್ಲೇ ಮುಗಿಯೋದು, ನಾವು ಬಸ್ಸು ಅಂದ್ರೆ ಅವರು ಬಾಸಿ. ನಾನು ನೋಟ್ಸ್ ಎಲ್ಲಾ ಕನ್ನಡ ಅಕ್ಷರದಲ್ಲೇ ಬರ್ಕೊಂಡೆ, ಉಚ್ಚಾರ ಹೆಚ್ಚುಕಮ್ಮಿ ಸರಿಯಾಗೇ ಬರ್ತಿತ್ತು. ಅರಬ್ಬಿ, ಪರ್ಷಿಯನ್, ಪೋರ್ಚುಗೀಸ್, ಹಿಂದಿ ಕಡೆಯಿಂದ ಇಬ್ಬರ ಮನೆಗೂ ಬಂದ ಪದಗಳು ಬೇಕಾದಷ್ಟಿವೆ. ಸಾಬೂನು ಅಲ್ಲಿ ಸಾಬುನಿ, ಮೇಜು ಮೇಜಾ, ವಕೀಲ ವಕೀಲಿ, ಹಿಸಾಬು ಹೆಸಾಬು. ದುಕಾನು ಅಲ್ಲಿ ದುಕ. ಗಾಡಿಗೆ ಗಾರಿ, ದುಡ್ಡಿಗೆ ಪೇಸ. ಚಾಯ್ ಚಪಾತಿ ಅಂತೂ ಹೆಸರೂ ಬದಲಾಗಿಲ್ಲ. ಶಾಲೆಗೆ ಶೂಲೆ ಅಂತಾರೆ, ಕೇಳಿದಾಗ ನಮ್ಮ ಪದಾನೇ ಅನ್ನಿಸ್ತು, ಆದ್ರೆ ಅದು ಜರ್ಮನ್ನಿಂದ ಬಂದಿದ್ದು, ಮೊದಲ ಮಹಾಯುದ್ಧದವರೆಗೂ ಅಲ್ಲಿ ಜರ್ಮನರ ಆಳ್ವಿಕೆ ಇತ್ತಲ್ಲ. ದೊಡ್ಡವರಿಗೆ ಶಿಕಮೋ ಅನ್ನಬೇಕು, ಅವರು ಮರಹಬ ಅಂತಾರೆ, ಇದನ್ನ ತಪ್ಪಿಸಬೇಡಿ, ನಮ್ಮಲ್ಲಿ ಹಿರಿಯರಿಗೆ ನಮಸ್ಕಾರ ಹೇಳದೆ ಒಳಗೆ ನುಗ್ಗಿದ ಹಾಗೆ ಆಗುತ್ತೆ. ಮನೇಲಿ ಹಳ್ಳೀಲಿ ಮಾತಾಡೋದು ಶಾಂಬಾ ಭಾಷೆ, ಹಾಗಾಗಿ ಒಂದನೇ ಕ್ಲಾಸಿಗೆ ಬರೋ ಎಷ್ಟೋ ಮಕ್ಕಳಿಗೆ ಸ್ವಾಹಿಲೀನೂ ಎರಡನೇ ಭಾಷೆ, ಇಂಗ್ಲಿಷ್ ಮೂರನೇದು. ಗಡಿಯಾರಾನೂ ಬೇರೆ. ದಿನ ಶುರುವಾಗೋದು ಸೂರ್ಯ ಹುಟ್ಟಿದ ಮೇಲೆ, ನಮ್ಮ ಹಿಂದಿನವರು ಗಳಿಗೆ ಲೆಕ್ಕ ಹಾಕ್ತಿದ್ದ ಹಾಗೆ, ನಮ್ಮ ಬೆಳಗ್ಗೆ 7 ಗಂಟೆ ಅಲ್ಲಿ ಸಾ ಮೋಜಾ, ಅಂದ್ರೆ 1 ಗಂಟೆ. ಪೋಷಕರ ಸಭೆ ಸಾ ನಾನೆ ಅಂದ್ರು, ನಾನೆ ಅಂದ್ರೆ 8, ನಾನು ಬೆಳಗ್ಗೆ 8ಕ್ಕೆ ಹೋಗಿ ಕೂತೆ, ಸಭೆ ಇದ್ದಿದ್ದು ಮಧ್ಯಾಹ್ನ 2ಕ್ಕೆ. 6 ಗಂಟೆ ಕೂಡೋದು ಕಳೆಯೋದು ಮೊದಲ ದಿನವೇ ಕಲೀರಿ.

ಈಗ ಕಷ್ಟದ ವಿಷಯ, ಇದನ್ನ ಯಾವ ಜಾಹೀರಾತಲ್ಲೂ ಹಾಕಲ್ಲ. ಅಲ್ಲಿ ಶಾಲೇಲಿ ಬೆತ್ತ ಇದೆ. ಕಾನೂನಲ್ಲೇ ಅವಕಾಶ ಇದೆ, ಹೆಚ್ಚೆಂದ್ರೆ 4 ಏಟು, ಅದೂ ಹೆಡ್‌ಮಾಸ್ಟರು ಇಲ್ಲಾ ಅವರು ಒಪ್ಪಿಗೆ ಕೊಟ್ಟ ಟೀಚರು ಮಾತ್ರ, ಪುಸ್ತಕದಲ್ಲಿ ಬರೆದಿಡಬೇಕು. ನಡೆಯೋದು ಅಷ್ಟಕ್ಕೇ ನಿಲ್ಲಲ್ಲ. ಮೂರನೇ ವಾರ ಲೇಟಾಗಿ ಬಂದ ಒಂದು ಹುಡುಗನಿಗೆ ಅಂಗಳದಲ್ಲಿ ಹೊಡೆದ್ರು, ನೀರು ತರೋಕೆ ಹೋಗಿ ಲೇಟಾಗಿತ್ತು ಅಂತ ಆಮೇಲೆ ಗೊತ್ತಾಯ್ತು. ನನಗೆ ಕೈಕಾಲು ನಡುಗ್ತು, ಎಲ್ಲರ ಮುಂದೆ ಹೋಗಿ ಬೆತ್ತ ಕಿತ್ಕೋಬೇಕು ಅನ್ನಿಸ್ತು, ಮಾಡಲಿಲ್ಲ. ಸಂಜೆ ಮ್ವಾಲಿಮು ಮ್ಕೂ ಹತ್ರ ಒಬ್ಬಳೇ ಹೋಗಿ, ನಾನು ಬೆತ್ತ ಮುಟ್ಟಲ್ಲ, ನನ್ನ ಹೆಸರು ಹೇಳಿ ಯಾವ ಮಗುವಿಗೂ ಹೊಡೀಬಾರದು, ನನ್ನ ಪಾಠ ನಡೀತಿರೋವಾಗ ಕೋಣೆಯಲ್ಲಿ ಬೆತ್ತ ಬೇಡ ಅಂದೆ. ಅವರು ಒಪ್ಪಿದ್ರು, ಮಾತಿಗೆ ತಪ್ಪಲೂ ಇಲ್ಲ. ನಮ್ಮ ಟೀಚರ್ ಹತ್ರ ಮಾತಾಡಿದಾಗ ಅವರು, ನಾನೂ ಹೊಡೆಸ್ಕೊಂಡೇ ಕಲ್ತೆ, 87 ಮಕ್ಕಳನ್ನ ಒಬ್ಬಳೇ ಹಿಡಿದಿಡೋದು ಹೇಗೆ ಅಂತ ನೀನೇ ಹೇಳು ಅಂದ್ರು. ನನ್ನ ಹತ್ರ ಪೂರ್ತಿ ಉತ್ತರ ಇರಲಿಲ್ಲ. ಅಂಗಳದಲ್ಲಿ ಬೆತ್ತ ನಾನು ಬರೋ ದಿನದವರೆಗೂ ಇತ್ತು. ಹೋಗೋ ಮುಂಚೆ ಇದಕ್ಕೆ ಮನಸ್ಸು ಗಟ್ಟಿ ಮಾಡ್ಕೊಳ್ಳಿ, ನಿಮ್ಮ ಗೆರೆ ಎಲ್ಲಿ ಅಂತ ಮೊದಲ ವಾರವೇ ಹೆಡ್‌ಮಾಸ್ಟರಿಗೆ ಹೇಳಿ, ನಾನು ಮೂರು ವಾರ ತಡ ಮಾಡಿದೆ. ಕೋಆರ್ಡಿನೇಟರಿಗೆ ಫೋನ್ ಮಾಡಿದ್ದಕ್ಕೆ ಅದು ಅವರ ಸಂಸ್ಕೃತಿ ಬಿಡಿ ಅಂತ ಒಂದೇ ಮಾತಲ್ಲಿ ಮುಗಿಸಿದ್ರು, ಆ ಉತ್ತರಕ್ಕೇ ನಾನು ಎರಡು ಸ್ಟಾರ್ ಕಿತ್ತಿದ್ದು.

ಮನೆ ಊಟದ ಬಗ್ಗೆ ದೂರಿಲ್ಲ, ಇದ್ದಿದ್ದರಲ್ಲಿ ಸಂಸ್ಥೆ ಸರಿಯಾಗಿ ಮಾಡಿದ್ದು ಇದೊಂದೇ. ಬೆಳಗ್ಗೆ ಚಾಯ್ ಜೊತೆ ಮಂದಾಜಿ, ಎಣ್ಣೇಲಿ ಕರಿದ ಸಿಹಿ ಬನ್ ಥರ. ಮಧ್ಯಾಹ್ನ ರಾತ್ರಿ ಉಗಾಲಿ, ಬಿಳಿ ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆ ಅಂದ್ಕೊಳ್ಳಿ, ಮುರಿದು ಅಂಗೈಲಿ ಉಂಡೆ ಮಾಡಿ ಮಹರಾಗೆ ಅನ್ನೋ ಹುರುಳಿಕಾಯಿ ಬೀಜದ ಸಾರಲ್ಲಿ ಅದ್ಕೊಂಡು ತಿನ್ನೋದು. ಜೊತೆಗೆ ಮ್ಚಿಚಾ, ನಮ್ಮ ದಂಟಿನ ಸೊಪ್ಪೇ. ಸಸ್ಯಾಹಾರಿಗಳಿಗೆ ತೊಂದರೆ ಇಲ್ಲ, ಮೊದಲ ದಿನವೇ ಹೇಳಿದ್ರೆ ಆಯ್ತು. ಅಲ್ಲಿ ತಾಯಂದಿರನ್ನ ಹೆಸರು ಹಿಡಿದು ಕರೆಯಲ್ಲ, ಮೊದಲ ಮಗುವಿನ ಹೆಸರು ಸೇರಿಸಿ ಇಂಥವರ ಮಾಮಾ ಅಂತಾರೆ, ನೀವೂ ಹಾಗೇ ಕರೀರಿ. ಸ್ನಾನಕ್ಕೆ ಒಂದು ಬಕೆಟ್ ಬಿಸಿನೀರು, ಆ ಸೌದೆ ಆ ನೀರು ಯಾರೋ ಹೊತ್ತು ತಂದಿದ್ದು ಅನ್ನೋದು ನೆನಪಿರಲಿ. ಬೆಟ್ಟದ ಮೇಲೆ ಸೊಳ್ಳೆ ಕಡಿಮೆ, ಆದ್ರೆ ದಾರ್, ಮೊಂಬೋ ಕಡೆ ಮಲೇರಿಯಾ ಇದೆ, ನನಗೆ ಡಾಕ್ಟರ್ ಡಾಕ್ಸಿಸೈಕ್ಲಿನ್ ಬರೆದಿದ್ರು, ದಿನಾ ಒಂದು, ವಾಪಸ್ ಬಂದ ಮೇಲೂ 4 ವಾರ ಮುಂದುವರೆಸಬೇಕು, ಮಧ್ಯೆ ಬಿಡಬೇಡಿ. ಹಳದಿ ಜ್ವರದ ಲಸಿಕೆ ಬೇಕಾಗಿದ್ರೆ ಹೊರಡೋಕೆ 10 ದಿನ ಮುಂಚೆ ಆಗಿರಬೇಕು, ಒಂದು ಸಲ ಹಾಕಿಸಿದ್ರೆ ಜೀವಮಾನಕ್ಕೆ ಸಾಕು. 2019ರ ಜೂನಿಂದ ಅಲ್ಲಿ ಪ್ಲಾಸ್ಟಿಕ್ ಚೀಲ ಬ್ಯಾನ್, ಬ್ಯಾಗಲ್ಲಿ ತುಂಬ್ಕೊಂಡು ಹೋಗಬೇಡಿ. ಹಳ್ಳೀಲಿ ಕಾರ್ಡ್ ನಡೆಯಲ್ಲ, ಸಿಮ್ ತಗೊಂಡು ಎಂ-ಪೆಸಾ, ಅಂದ್ರೆ ಫೋನಲ್ಲೇ ದುಡ್ಡು ಕೊಡೋ ವ್ಯವಸ್ಥೆ, ಮಾಡಿಸ್ಕೊಳ್ಳಿ, ಚಿಕ್ಕ ದುಕದಲ್ಲೂ ನಡೆಯುತ್ತೆ.

ಕೊಡುಗೆ ಒಯ್ಯೋದಾದ್ರೆ ಅಂಗಳದಲ್ಲಿ ನಿಂತು ಮಕ್ಕಳಿಗೆ ಚಾಕ್ಲೇಟು ಪೆನ್ನು ಹಂಚಬೇಡಿ. ಹಂಚಿದ ವಾಲಂಟಿಯರ್ ಹೋದ ಮೇಲೆ ಯಾರಿಗೆ ಸಿಗ್ಲಿಲ್ಲವೋ ಆ ಮಕ್ಕಳು ಅಳೋದನ್ನ ಟೀಚರ್ ನೋಡಬೇಕು. ಹೆಡ್‌ಮಾಸ್ಟರನ್ನ ಕೇಳಿ, ಲುಶೋಟೋ ಪೇಟೇಲೇ ಕೊಂಡು, ಅವರ ಕೈಗೇ ಕೊಡಿ, ರಿಜಿಸ್ಟರಲ್ಲಿ ಬರ್ಕೋತಾರೆ. ನಾನು ಕೇಳಿದಾಗ ಅವರು ಹೇಳಿದ್ದು ಸೀಮೆಸುಣ್ಣ, ನೋಟ್‌ಬುಕ್ಕು, ಟೆಸ್ಟ್ ಪೇಪರ್ ಫೋಟೋಕಾಪಿಗೆ ದುಡ್ಡು. ಅಷ್ಟೇ. ಸೆಪ್ಟೆಂಬರಲ್ಲಿ ಏಳನೇ ಕ್ಲಾಸಿನ ಪರೀಕ್ಷೆ, ಆ ಮಕ್ಕಳು ಶಾಲೇಲೇ ಮಲಗಿ ಓದ್ತಿದ್ರು, ಕಾಂಬಿ ಅಂತಾರೆ, ಅವರಿಗೆ ರಾತ್ರಿ ದೀಪಕ್ಕೆ ಒಂದು ಸೋಲಾರ್ ಲ್ಯಾಂಪು ಕೊಡಿಸಿದೆ. ಫೋಟೋ ವಿಷಯದಲ್ಲೂ ಹಾಗೇ, ಮಕ್ಕಳ ಜೊತೆ ಫೋಟೋ ಕಳಿಸಿ, ನಮ್ಮ ಪೇಜಿಗೆ ಬೇಕು ಅಂತ ಸಂಸ್ಥೆ ಮೂರು ಸಲ ಮೆಸೇಜ್ ಮಾಡ್ತು, ಅಪ್ಪ ಅಮ್ಮನ ಒಪ್ಪಿಗೆ ಇಲ್ಲದೆ ಕಳಿಸಲ್ಲ ಅಂದೆ, ಕಳಿಸಲಿಲ್ಲ.

ಹಾಗಾದ್ರೆ ಹೋಗಬೇಕಾ ಬೇಡ್ವಾ ಅಂತ ಕೇಳೋರಿಗೆ, ಹೋಗಿ, ಆದ್ರೆ ದುಡ್ಡು ಕಟ್ಟೋ ಮುಂಚೆ ಸಂಸ್ಥೆಯನ್ನ ಕೂರಿಸಿ ಕೇಳಿ. ನನಗೆ ಯಾವ ಪರ್ಮಿಟ್ ಮಾಡಿಸ್ತೀರಿ, ನನ್ನ ಪೊಲೀಸ್ ಸರ್ಟಿಫಿಕೇಟ್ ಯಾಕೆ ಕೇಳ್ತಿಲ್ಲ, ಮನೆಗೆ ಎಷ್ಟು ಶಾಲೆಗೆ ಎಷ್ಟು, ಈ ವರ್ಷ ಇದೇ ಕ್ಲಾಸಿಗೆ ಎಷ್ಟು ಜನರನ್ನ ಕಳಿಸಿದೀರಿ, ನಾನು ಯಾವ ಟೀಚರ ಜೊತೆ ಕೆಲಸ ಮಾಡ್ತೀನಿ, ಅವರು ವಾಲಂಟಿಯರ್ ಬೇಕು ಅಂತ ಕೇಳಿದಾರಾ. ಕೊನೇ ಪ್ರಶ್ನೆಗೆ ತಡವರಿಸಿದ್ರೆ ಅಲ್ಲೇ ಬಿಟ್ಬಿಡಿ. ಒಂದು ಟರ್ಮ್ ಪೂರ್ತಿ ಇರೋಕೆ ಆಗಲ್ಲ ಅಂದ್ರೆ ಆ ದುಡ್ಡನ್ನ ಶಾಲೆಗೇ ಕಳಿಸೋ ದಾರಿ ಹುಡುಕಿ. ಪಾಠ ಮಾಡಿ ಅಭ್ಯಾಸ ಇಲ್ಲದವರು ಹೋಗಲೇಬಾರದು ಅಂತಿಲ್ಲ, ಟೀಚರ್ ಬೋರ್ಡ್ ಹತ್ರ ಇರೋವಾಗ ಹಿಂದಿನ ಸಾಲಿನ ನಾಲ್ಕು ಮಕ್ಕಳ ಪಕ್ಕ ಕೂತು ಓದಿಸೋಕೆ ತಾಳ್ಮೆ ಇದ್ರೆ ಸಾಕು, 87 ಮಕ್ಕಳಿರೋ ಕಡೆ ಅದೇ ದೊಡ್ಡದು.

ನಾನು ಮುಂದಿನ ಸಲ ಸಂಸ್ಥೆ ಮೂಲಕ ಹೋಗಲ್ಲ, ಮ್ವಾಲಿಮು ಮ್ಕೂನೇ ಜಿಲ್ಲಾ ಕಚೇರೀಲಿ ಒಪ್ಪಿಗೆ ಕೇಳಿ ಪತ್ರ ಕಳಿಸ್ತೀನಿ ಅಂದಿದಾರೆ, ಪರ್ಮಿಟ್ಟಿಗೆ ನಾನೇ ಓಡಾಡ್ತೀನಿ. ಹೊರಡೋ ದಿನ ನಮ್ಮ ಟೀಚರು ಬಸ್ ಹತ್ರ ಬಂದಿದ್ರು, ಮುಚ್ಚಳದ ಚೀಲ ಕೈಯಲ್ಲೇ ಇತ್ತು, ಅಲ್ಲಿಂದ ಸೀದಾ ಕ್ಲಾಸಿಗೆ ಹೋಗಬೇಕಿತ್ತು. ಜುಲೈಲಿ ಬರಬೇಡ, ಜುಲೈ ಹೊತ್ತಿಗೆ ನಾನು ಅರ್ಧ ಮಕ್ಕಳನ್ನ ಕಳ್ಕೊಂಡಿರ್ತೀನಿ, ಬರೋದಾದ್ರೆ ಶಾಲೆ ವರ್ಷ ಶುರುವಾಗೋ ಜನವರೀಲಿ ಬಾ, ಎರಡನೇ ಕ್ಲಾಸಿಂದ ಬರೀ ಬಾ ಬೆ ಬಿ ಬೋ ಬು ಹಿಡ್ಕೊಂಡು ಬರ್ತಾರಲ್ಲ, ಆಗ ಇಬ್ಬರು ಬೇಕು ಅಂದ್ರು.